ಫ್ರಿಜ್ಜಿನ ಮೇಲೆ ಉಳಿದ ಪತ್ರ: ಇಂಗ್ಲೆಂಡಿಗೆ ಬಂದ ಕನ್ನಡತಿಯರಿಗೆ ಕ್ಯಾನ್ಸರ್ ತಪಾಸಣೆಯ ಕೈಪಿಡಿ

ಇಂಗ್ಲೆಂಡಿಗೆ ಬಂದ ಎರಡನೆಯ ವರ್ಷ ನನ್ನ ಹೆಸರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಿಂದ ಒಂದು ಪತ್ರ ಬಂತು. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಸಮಯ ಗೊತ್ತುಮಾಡಿಕೊಳ್ಳಿ ಎಂದು ಅದರಲ್ಲಿತ್ತು. ಓದಿದೆ, ಮಡಚಿದೆ, ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದೆ. ಎಂಟು ತಿಂಗಳು ಅದು ಅಲ್ಲಿಯೇ ಇತ್ತು. ನನಗೆ ಇಂಗ್ಲಿಷ್ ಬರುತ್ತಿತ್ತು, ಕ್ಲಿನಿಕ್ ಹತ್ತು ನಿಮಿಷದ ನಡಿಗೆಯಲ್ಲಿತ್ತು, ದುಡ್ಡು ಕೊಡಬೇಕಾಗಿಯೂ ಇರಲಿಲ್ಲ. ಆದರೂ ಹೋಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಇಲ್ಲಿನ ಕನ್ನಡ ಬಳಗದ ಹೆಂಗಸರೊಡನೆ ಈ ವಿಷಯ ಮಾತಾಡುತ್ತ ಬಂದಂತೆ ತಿಳಿದದ್ದೇನೆಂದರೆ, ನಮ್ಮನ್ನು ತಡೆಯುವುದು ಕ್ಯಾನ್ಸರಿನ ಭಯವೊಂದೇ ಅಲ್ಲ. ವಿಳಾಸ, ಭಾಷೆ, ಬಟ್ಟೆ, ಪಾಳಿ, ಗಂಡನ ಮುಖ ಎಂಬಂಥ ಹತ್ತಾರು ಚಿಕ್ಕ ಅಡ್ಡಿಗಳು. ಅವುಗಳಲ್ಲಿ ಬಹುಪಾಲನ್ನು ತಪಾಸಣೆಯ ದಿನಕ್ಕೆ ಮೊದಲೇ ಬಗೆಹರಿಸಿಕೊಳ್ಳಬಹುದು. ಅದು ಹೇಗೆ ಎಂಬುದಕ್ಕಾಗಿ ಈ ಬರಹ.

"ನನಗೇನಾಗಿದೆ ಅಂತ ಹೋಗಲಿ?" ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕು, ಏಕೆಂದರೆ ಅದರಲ್ಲಿ ತಪ್ಪೇನೂ ಇಲ್ಲ. ನಾವು ಬೆಳೆದ ಊರಿನಲ್ಲಿ ಆಸ್ಪತ್ರೆ ಎಂದರೆ ಕಾಯಿಲೆ ಬಿದ್ದಾಗ ಹೋಗುವ ಜಾಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ತಪಾಸಣೆ ಮಾಡಿಸಿಕೊಂಡವರು ಶೇ. 1.9 ಮಾತ್ರ, ಸ್ತನದ ತಪಾಸಣೆ ಶೇ. 0.9. ಅಮ್ಮ ಮಾಡಿಸಿಕೊಂಡದ್ದನ್ನು ಕಂಡಿಲ್ಲ, ಅತ್ತೆ ಮಾಡಿಸಿಕೊಂಡದ್ದನ್ನು ಕೇಳಿಲ್ಲ. ಹಾಗಿರುವಾಗ ಮೈಯಲ್ಲಿ ನೋವಿಲ್ಲದ ಹೆಣ್ಣೊಬ್ಬಳು ಕೆಲಸಕ್ಕೆ ರಜೆ ಹಾಕಿ ದಾದಿಯ ಮುಂದೆ ಮಲಗಬೇಕೆಂದರೆ ಅದು ವಿಚಿತ್ರವಾಗಿ ಕಾಣುವುದು ಸಹಜ. ಉತ್ತರ ಇಷ್ಟೇ: ಈ ತಪಾಸಣೆಗಳು ಇರುವುದೇ ಏನೂ ಆಗದವರಿಗಾಗಿ. ಏನಾದರೂ ಆಗಿದ್ದರೆ, ಎಂದರೆ ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತ, ಕೂಡಿದ ನಂತರ ರಕ್ತ, ಮಲದಲ್ಲಿ ರಕ್ತ ಕಂಡರೆ, ತಪಾಸಣೆಯ ಪತ್ರಕ್ಕೆ ಕಾಯಬಾರದು. ವಯಸ್ಸು ಎಷ್ಟೇ ಇರಲಿ, ನೇರವಾಗಿ ಜಿಪಿಯನ್ನು, ಎಂದರೆ ನೀವು ನೋಂದಾಯಿಸಿಕೊಂಡ ಕ್ಲಿನಿಕ್ಕಿನ ಸಾಮಾನ್ಯ ವೈದ್ಯರನ್ನು, ಕಾಣಬೇಕು. "ಹೋದ ವರ್ಷ ಟೆಸ್ಟ್ ಸರಿಯಿತ್ತು" ಎಂದು ಇಂಥ ಲಕ್ಷಣವನ್ನು ತಳ್ಳಿಹಾಕಲೂಬಾರದು.

ಮೊದಲ ಕೆಲಸ: ನಿಮ್ಮ ದಾಖಲೆ ಸರಿಯಿದೆಯೇ ನೋಡಿ

ಇಂಗ್ಲೆಂಡಿನಲ್ಲಿ ಕರೆ ಬರುವುದು ಜಿಪಿ ಕ್ಲಿನಿಕ್ಕಿನ ದಾಖಲೆಯನ್ನು ಆಧರಿಸಿ. ಅಲ್ಲಿ ನೋಂದಣಿಯಾಗದಿದ್ದರೆ ಕರೆಯೇ ಇಲ್ಲ. ಗಂಡನ ಕೆಲಸದ ವೀಸಾದ ಮೇಲೆ ಬಂದವರು ಎಷ್ಟೋ ಸಲ ಮಗುವಿಗೆ ಜ್ವರ ಬರುವವರೆಗೆ, ಇಲ್ಲವೇ ಬಸುರಾಗುವವರೆಗೆ, ನೋಂದಣಿಯ ಗೋಜಿಗೇ ಹೋಗಿರುವುದಿಲ್ಲ. ನೋಂದಣಿಗೆ ಪಾಸ್‌ಪೋರ್ಟ್, ವೀಸಾ ಅಥವಾ ವಿಳಾಸದ ಪುರಾವೆ ತೋರಿಸಲೇಬೇಕೆಂಬ ನಿಯಮವಿಲ್ಲ; ಸ್ವಾಗತದ ಮೇಜಿನಲ್ಲಿ ಯಾರಾದರೂ ಕೇಳಿದರೂ, ಅದು ಇಲ್ಲವೆಂಬ ಒಂದೇ ಕಾರಣಕ್ಕೆ ನಿಮ್ಮನ್ನು ಹಿಂದಕ್ಕೆ ಕಳುಹಿಸುವಂತಿಲ್ಲ.

ಮಂಗಳೂರು, ಉಡುಪಿ ಕಡೆಯಿಂದ ನರ್ಸ್ ಆಗಿ ಬಂದವರು, ವೃದ್ಧರ ಆರೈಕೆಯ ಕೆಲಸಕ್ಕೆ ಬಂದವರು ಮೊದಲ ಕೆಲವು ವರ್ಷಗಳಲ್ಲಿ ಮನೆ ಬದಲಿಸುತ್ತಲೇ ಇರುತ್ತಾರೆ. ಪತ್ರ ಹಳೆಯ ವಿಳಾಸಕ್ಕೆ ಹೋಗುತ್ತದೆ. ಅಲ್ಲಿರುವ ಹೊಸ ಬಾಡಿಗೆದಾರ ಅದನ್ನು ಕಸದ ಬುಟ್ಟಿಗೆ ಹಾಕುತ್ತಾನೆ. ದಾಖಲೆಯಲ್ಲಿ ಮಾತ್ರ "ಕರೆದರೂ ಬರಲಿಲ್ಲ" ಎಂದು ಉಳಿಯುತ್ತದೆ. ಮನೆ ಬದಲಾದ ವಾರವೇ ಜಿಪಿಗೆ ವಿಳಾಸವನ್ನೂ ಮೊಬೈಲ್ ಸಂಖ್ಯೆಯನ್ನೂ ತಿಳಿಸಿ, ಎನ್‌ಎಚ್‌ಎಸ್ ಆ್ಯಪ್ ಹಾಕಿಕೊಂಡು ಸಂದೇಶಗಳನ್ನು ನೋಡುತ್ತಿರಿ. ಈಗ ಗರ್ಭಕೊರಳಿನ ತಪಾಸಣೆಯ ಕರೆ ಆ್ಯಪ್‌ಗೂ ಬರುತ್ತದೆ. ಆ್ಯಪ್ ಗಂಡನ ಫೋನಿನಲ್ಲಿದ್ದರೆ ಅದು ನಿಮಗೆ ಬಂದ ಕರೆ ಆಗುವುದಿಲ್ಲ ಎಂಬುದನ್ನೂ ಗಮನಿಸಿ.

ಇನ್ನೊಂದು ತೊಡಕು ನಮ್ಮವರಿಗೇ ಮೀಸಲಾದದ್ದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ 1 ನಮ್ಮಲ್ಲಿ ಹಲವರ ಹುಟ್ಟಿದ ದಿನ. ಹಿರಿಯ ಹೆಂಗಸರಲ್ಲಿ ದಾಖಲೆಯ ವಯಸ್ಸು ನಿಜದ ವಯಸ್ಸಿಗಿಂತ ಎರಡು ಮೂರು ವರ್ಷ ಕಡಿಮೆ ಇರುವುದುಂಟು. ಪಾಸ್‌ಪೋರ್ಟಿನ ದಿನಾಂಕವನ್ನು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಕರೆ ಬರುವುದು ಆ ದಿನಾಂಕದ ಲೆಕ್ಕದಲ್ಲಿ ಎಂಬುದು ನೆನಪಿರಲಿ, ನಿಜವಾದ ವಯಸ್ಸನ್ನು ಜಿಪಿಗೆ ಬಾಯಿಮಾತಿನಲ್ಲಾದರೂ ತಿಳಿಸಿ.

ಯಾವ ತಪಾಸಣೆ, ಯಾವಾಗ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗರ್ಭಕೊರಳಿನ ತಪಾಸಣೆ 25ರಿಂದ 64 ವರ್ಷದವರಿಗೆ. ಮೊದಲ ಕರೆ 25 ತುಂಬುವುದಕ್ಕೆ ಕೆಲವು ತಿಂಗಳ ಮುಂಚೆ ಬರುತ್ತದೆ, ಮತ್ತು 2025ರ ಜುಲೈನಿಂದ ಇಂಗ್ಲೆಂಡಿನಲ್ಲಿ, ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಕಾಣದವರಿಗೆ ಮುಂದಿನ ಕರೆ ಐದು ವರ್ಷಕ್ಕೆ. ಸ್ತನದ ಮ್ಯಾಮೊಗ್ರಾಮ್ (ಎಕ್ಸ್-ರೇ ಚಿತ್ರ) 50ರಿಂದ 71ನೆಯ ಹುಟ್ಟುಹಬ್ಬದವರೆಗೆ, ಮೂರು ವರ್ಷಕ್ಕೊಮ್ಮೆ. ಆದರೆ ಅದು ಒಂದೊಂದು ಕ್ಲಿನಿಕ್ಕಿನ ಸರದಿಯ ಮೇಲೆ ನಡೆಯುವುದರಿಂದ ಮೊದಲ ಕರೆ 53 ತುಂಬುವುದರೊಳಗೆ ಯಾವಾಗ ಬೇಕಾದರೂ ಬರಬಹುದು. 54ನೆಯ ವಯಸ್ಸಿನಲ್ಲಿ ಮಗನ ಜೊತೆ ನೆಲೆಸಲು ಬಂದು, ಆ ಪ್ರದೇಶದ ಸರದಿ ಆಗಷ್ಟೇ ಮುಗಿದಿದ್ದರೆ ಮೂರು ವರ್ಷ ಕಾಯುವ ಸ್ಥಿತಿ ಬರುತ್ತದೆ; ಅಂಥವರು ಸ್ಥಳೀಯ ಸ್ತನ ತಪಾಸಣಾ ಘಟಕಕ್ಕೆ ತಾವೇ ಫೋನ್ ಮಾಡಿ ಕೇಳಬೇಕು. ಕರುಳಿನ ತಪಾಸಣೆಯ ಕಿಟ್ 50ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಮನೆಗೇ ಬರುತ್ತದೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ನಿಯಮ ಸ್ವಲ್ಪ ಬೇರೆ.

ಎರಡನೆಯದು: ಮಾತು

ದುಭಾಷಿಯನ್ನು ಒದಗಿಸುವುದು ಕ್ಲಿನಿಕ್ಕಿನ ಜವಾಬ್ದಾರಿ; ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ. ಆದರೆ "ಇಂಡಿಯನ್" ಎಂದ ಕೂಡಲೇ ಹಿಂದಿ ದುಭಾಷಿಯನ್ನು ಗೊತ್ತುಮಾಡುವುದು ಇಲ್ಲಿ ಸಾಮಾನ್ಯ. ಸಮಯ ಗೊತ್ತುಮಾಡುವ ದಿನವೇ "ಐ ನೀಡ್ ಎ ಕನ್ನಡ ಇಂಟರ್‌ಪ್ರಿಟರ್, ನಾಟ್ ಹಿಂದಿ, ಅಂಡ್ ಎ ವುಮನ್, ಪ್ಲೀಸ್" ಎಂದು ಹೇಳಿ. ಕನ್ನಡ ಎಂಬ ಪದವನ್ನು ಅಕ್ಷರ ಬಿಡಿಸಿ ಬರೆಸಿ. ಅದನ್ನು ನಿಮ್ಮ ದಾಖಲೆಯಲ್ಲಿಯೂ ಸೇರಿಸಲು ಕೇಳಿ. ಎದುರಿಗೆ ಬರುವ ದುಭಾಷಿ ಸಿಗದಿದ್ದರೆ ಫೋನಿನಲ್ಲಿ ಸಿಗಬಹುದು, ಮತ್ತು ಪರದೆಯ ಹಿಂದೆ ಮಲಗಿರುವಾಗ ಫೋನಿನ ದನಿಯೇ ಎಷ್ಟೋ ಹಿತ.

ಗಂಡನನ್ನೋ ಹತ್ತನೆಯ ತರಗತಿಯ ಮಗಳನ್ನೋ ದುಭಾಷಿ ಮಾಡಿಕೊಳ್ಳುವುದು ಸುಲಭವೆನಿಸುತ್ತದೆ. ಆದರೆ ದಾದಿ ಕೇಳುವ ಪ್ರಶ್ನೆಗಳು ಮುಟ್ಟು, ಗರ್ಭನಿರೋಧಕ, ಕೂಡಿದಾಗ ನೋವು, ರಕ್ತಸ್ರಾವ ಇವುಗಳ ಬಗ್ಗೆ. ಮಗಳ ಮೂಲಕ ಆ ಪ್ರಶ್ನೆಗೆ ಯಾವ ತಾಯಿಯೂ ಪೂರ್ತಿ ಉತ್ತರ ಕೊಡುವುದಿಲ್ಲ; ಮಗಳೂ ಪೂರ್ತಿ ಅನುವಾದಿಸುವುದಿಲ್ಲ.

ಇನ್ನು ನಮ್ಮ ಭಾಷೆಯೊಳಗಿನ ಮರೆಗಳು. ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ, ಎಷ್ಟೋ ಗೊಂದಲ ಹುಟ್ಟುವುದು ಇಲ್ಲಿಯೇ. "ಎದೆ" ಎಂಬ ಒಂದೇ ಮಾತು ನಮಗೆ ಎದೆಗೂಡನ್ನೂ ಸ್ತನವನ್ನೂ ಸೂಚಿಸುತ್ತದೆ. "ಎದೆಯಲ್ಲಿ ನೋವು" ಎಂದರೆ ದುಭಾಷಿ ಅದನ್ನು ಹೃದಯದ ಕಡೆಗೆ ಒಯ್ದಾರು. ಸ್ತನ ಎನ್ನಲು ನಾಚಿಕೆಯಾದರೆ ಕೈಯಿಂದ ತೋರಿಸಿ. ಇಂಗ್ಲಿಷಿನ ಬ್ರೆಸ್ಟ್ ಎಂಬ ಪದ ಎಷ್ಟೋ ಜನರಿಗೆ ಕನ್ನಡದ ಪದಕ್ಕಿಂತ ಸಲೀಸು. "ಆಪರೇಷನ್ ಆಗಿದೆ" ಎಂಬುದು ಇನ್ನೊಂದು. ಹಳ್ಳಿಯ ಕಡೆ ಇದರ ಅರ್ಥ ಸಂತಾನಹರಣ ಚಿಕಿತ್ಸೆ, ಮಕ್ಕಳಾಗದ ಹಾಗೆ ಮಾಡಿಸಿಕೊಂಡ ಆಪರೇಷನ್. ಇಲ್ಲಿನ ದಾದಿಗೆ ಅದು ಗರ್ಭಕೋಶ ತೆಗೆಸಿದ ಹಾಗೆ ಕೇಳಿಸಿದರೆ, ತಪಾಸಣೆ ಬೇಕಿರುವವಳ ಹೆಸರು ಪಟ್ಟಿಯಿಂದಲೇ ಹೊರಗೆ ಹೋಗಬಹುದು. ನಿಜವಾಗಿ "ಗರ್ಭಕೋಶ ತೆಗೆಸಿದವರು" ಕೂಡ ಗರ್ಭಕೊರಳನ್ನು ಸೇರಿಸಿ ತೆಗೆದಿದ್ದಾರೆಯೇ, ಅದನ್ನು ಉಳಿಸಿದ್ದಾರೆಯೇ ಎಂಬುದನ್ನು ತಿಳಿದಿರಬೇಕು. ಉಳಿಸಿದ್ದರೆ ತಪಾಸಣೆ ಬೇಕು. ಊರಿನ ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಕಾಗದ ಬೀರುವಿನಲ್ಲಿದ್ದರೆ ಅದರ ಫೋಟೊ ತರಿಸಿಕೊಳ್ಳಿ. ಕೊನೆಯದು "ಪಾಸಿಟಿವ್". ಫಲಿತಾಂಶದ ಪತ್ರದಲ್ಲಿ ಈ ಪದ ಕಂಡು ಒಳ್ಳೆಯ ಸುದ್ದಿ ಎಂದುಕೊಂಡವರನ್ನು ನಾನು ಬಲ್ಲೆ. ಪರೀಕ್ಷೆಯ ಭಾಷೆಯಲ್ಲಿ ಅದರ ಅರ್ಥ ಹುಡುಕಿದ್ದು ಸಿಕ್ಕಿದೆ ಎಂದು.

ಮೂರನೆಯದು: ಮೈ ತೋರಿಸುವ ಸಂಕೋಚ

ಮ್ಯಾಮೊಗ್ರಾಮ್ ತೆಗೆಯುವವರು ಎನ್‌ಎಚ್‌ಎಸ್‌ನಲ್ಲಿ ಮಹಿಳೆಯರೇ. ಗರ್ಭಕೊರಳಿನ ಮಾದರಿ ತೆಗೆಯುವವರೂ ಸಾಮಾನ್ಯವಾಗಿ ನರ್ಸಮ್ಮನವರೇ. ಆದರೂ "ಮಹಿಳೆಯೇ ಬೇಕು" ಎಂದು ಫೋನಿನಲ್ಲಿ ಮೊದಲೇ ಹೇಳಿಬಿಡಿ. ಜೊತೆಗೆ ಒಬ್ಬ ಅಕ್ಕನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಬಹುದು, ಅಥವಾ ಕ್ಲಿನಿಕ್ಕಿನವರನ್ನೇ ಒಬ್ಬರನ್ನು ಜೊತೆಗಿರಲು ಕೇಳಬಹುದು. ಮೊದಲ ಸಲ ಹೋಗುವವರು, ಹಿಂದೆ ನೋವುಂಡವರು, ಹೆರಿಗೆಯಲ್ಲಿ ಅಥವಾ ಬೇರೆ ಸಂದರ್ಭದಲ್ಲಿ ಕೆಟ್ಟ ಅನುಭವವಾದವರು ಎರಡು ಪಟ್ಟು ಸಮಯ ಕೇಳಿ ಪಡೆಯಬೇಕು, ಕಾರಣ ವಿವರಿಸಲೇಬೇಕೆಂದಿಲ್ಲ.

ಅಲ್ಲಿ ನಡೆಯುವುದು ಇಷ್ಟು: ಸೊಂಟದ ಕೆಳಗಿನ ಬಟ್ಟೆಯನ್ನು ಪರದೆಯ ಹಿಂದೆ ನೀವೇ ತೆಗೆದು, ಮೇಲೆ ಹೊದಿಕೆ ಹಾಕಿಕೊಂಡು ಮಲಗುತ್ತೀರಿ. ಸ್ಪೆಕ್ಯುಲಮ್ ಎಂಬ ಉಪಕರಣದಿಂದ ಯೋನಿಮಾರ್ಗವನ್ನು ಮೆಲ್ಲಗೆ ಅಗಲಿಸಿ, ಮೃದುವಾದ ಪುಟ್ಟ ಬ್ರಷ್‌ನಿಂದ ಗರ್ಭಕೊರಳಿನ ಮೇಲಿನ ಜೀವಕೋಶಗಳನ್ನು ತೆಗೆದುಕೊಳ್ಳುತ್ತಾರೆ. ಪರೀಕ್ಷೆಗೆ ಐದು ನಿಮಿಷವೂ ಹಿಡಿಯುವುದಿಲ್ಲ. ಚಿಕ್ಕ ಅಳತೆಯ ಸ್ಪೆಕ್ಯುಲಮ್ ಕೇಳಬಹುದು, ಮಗ್ಗುಲಾಗಿ ಮಲಗಬಹುದು, ಬೇಕಿದ್ದರೆ ಅದನ್ನು ನೀವೇ ಒಳಗೆ ಇಟ್ಟುಕೊಳ್ಳಬಹುದು. "ಸ್ಟಾಪ್" ಎಂದರೆ ನಿಲ್ಲಿಸಬೇಕು, ನಿಲ್ಲಿಸುತ್ತಾರೆ. ಉದ್ದನೆಯ ಕುರ್ತಾ ಅಥವಾ ಲಂಗ ಹಾಕಿಕೊಂಡು ಹೋದರೆ ಅರ್ಧ ಸಂಕೋಚ ಅಲ್ಲಿಗೇ ಮುಗಿಯಿತು, ಜೀನ್ಸ್ ಬೇಡ. ಮುಟ್ಟಿನ ದಿನಗಳನ್ನು ಬಿಟ್ಟು ಸಮಯ ಗೊತ್ತುಮಾಡಿ. ಹೆರಿಗೆಯಾಗಿ 12 ವಾರ ಕಳೆದಿರಲಿ. ಮುಟ್ಟು ನಿಂತವರಿಗೆ ಒಣಗಿದಂತಾಗಿ ನೋವು ಹೆಚ್ಚಬಹುದು. ಅದಕ್ಕೆ ಕೆಲವು ವಾರ ಮೊದಲೇ ಹಚ್ಚಿಕೊಳ್ಳುವ ಈಸ್ಟ್ರೊಜೆನ್ ಮುಲಾಮನ್ನು ಜಿಪಿ ಬರೆದುಕೊಡಬಹುದು, ಕೇಳಿ.

ಮ್ಯಾಮೊಗ್ರಾಮಿಗೆ ಸೊಂಟದ ಮೇಲಿನ ಬಟ್ಟೆ ತೆಗೆಯಬೇಕಾದ್ದರಿಂದ ಸೀರೆಗಿಂತ ಎರಡು ತುಂಡಿನ ಉಡುಪು ಅನುಕೂಲ. ಒಂದೊಂದು ಸ್ತನದ ಎರಡೆರಡು ಚಿತ್ರ. ಒತ್ತುವಾಗ ಕೆಲವು ಕ್ಷಣ ನೋಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅಂದು ಪೌಡರ್, ಡಿಯೋಡರೆಂಟ್ ಬೇಡ. ತಾಳಿ ತೆಗೆಯಬೇಕಾಗುತ್ತದೆ ಎಂಬ ಕಾರಣಕ್ಕೇ ಹೋಗದ ಒಬ್ಬ ಹಿರಿಯರು ನಮ್ಮ ಬಳಗದಲ್ಲಿದ್ದರು. ಸರ ಚಿತ್ರಕ್ಕೆ ಅಡ್ಡ ಬರಬಾರದು, ಅಷ್ಟೇ. ಬೆನ್ನಿನ ಕಡೆಗೆ ಸರಿಸಿಕೊಳ್ಳಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿದರೆ ಆ ಚಿಂತೆ ತೀರುತ್ತದೆ.

ಇಷ್ಟಾದರೂ ಒಳಗಿನ ಪರೀಕ್ಷೆ ಆಗುವುದೇ ಇಲ್ಲ ಎನ್ನುವವರಿದ್ದಾರೆ. ಬಹುಕಾಲ ತಪಾಸಣೆಗೆ ಬಾರದವರಿಗೆ ಮನೆಯಲ್ಲಿ ತಾವೇ ಮಾದರಿ ತೆಗೆದುಕೊಳ್ಳುವ ಕಿಟ್ ಕೊಡುವ ಯೋಜನೆಯನ್ನು ಇಲ್ಲಿನ ಸರ್ಕಾರ 2025ರ ಜೂನ್‌ನಲ್ಲಿ ಘೋಷಿಸಿದೆ. ನಿಮ್ಮ ಕ್ಲಿನಿಕ್ಕಿನಲ್ಲಿ ವಿಚಾರಿಸಿ.

ಗಂಡನ ಮುಖ, ಅತ್ತೆಯ ಮಾತು

ಗರ್ಭಕೊರಳಿನ ಕ್ಯಾನ್ಸರ್ ಬಹುತೇಕ ಎಲ್ಲ ಸಂದರ್ಭಗಳಲ್ಲಿಯೂ ಎಚ್‌ಪಿವಿ ವೈರಸ್‌ನಿಂದ ಬರುತ್ತದೆ. ಅದು ಹರಡುವುದು ಲೈಂಗಿಕ ಸಂಪರ್ಕದಿಂದ. ಈ ಒಂದು ವಾಕ್ಯ ಸಂಸಾರದಲ್ಲಿ ಎಬ್ಬಿಸಬಹುದಾದ ಬಿರುಗಾಳಿಯನ್ನು ಇಲ್ಲಿನ ಕರಪತ್ರಗಳು ಅಷ್ಟಾಗಿ ಊಹಿಸಿಲ್ಲ ಎಂದು ನನ್ನ ಅನಿಸಿಕೆ. "ಪಾಸಿಟಿವ್ ಬಂದರೆ ಅವರು ಏನಂದುಕೊಳ್ಳುತ್ತಾರೆ?" ಎಂಬ ಅಂಜಿಕೆಯಿಂದಲೇ ಪತ್ರವನ್ನು ಬಚ್ಚಿಟ್ಟವರಿದ್ದಾರೆ. ಮನೆಯಲ್ಲಿ ಹೇಳಬೇಕಾದ ಸಂಗತಿಗಳು ಇವು: ಲೈಂಗಿಕ ಜೀವನವುಳ್ಳ ಹೆಚ್ಚಿನವರಿಗೆ, ಗಂಡಾಗಲಿ ಹೆಣ್ಣಾಗಲಿ, ಬದುಕಿನಲ್ಲಿ ಯಾವಾಗಲಾದರೂ ಎಚ್‌ಪಿವಿ ತಗಲುತ್ತದೆ, ಜೀವನವಿಡೀ ಒಬ್ಬರೇ ಸಂಗಾತಿಯಿದ್ದವರಿಗೂ ತಗಲಬಹುದು, ಬಹುಮಟ್ಟಿಗೆ ಅದು ತಾನಾಗಿಯೇ ಹೋಗುತ್ತದೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣುತ್ತದೆ. ಆದ್ದರಿಂದ ಅದು ಯಾವಾಗ, ಯಾರಿಂದ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ನಡತೆಯ ಮೇಲೆ ತೀರ್ಪು ಕೊಡುವ ಶಕ್ತಿ ಅದಕ್ಕಿಲ್ಲ. ಫಲಿತಾಂಶ ಬರುವುದು ನಿಮಗೆ. ಗಂಡನಿಗೆ ತಿಳಿಸುವುದು ಬಿಡುವುದು ನಿಮ್ಮ ಇಷ್ಟ. ಪತ್ರ ಬೇರೆಯವರ ಕೈಗೆ ಬೀಳಬಹುದೆಂದಿದ್ದರೆ ಅದನ್ನು ಕ್ಲಿನಿಕ್ಕಿನಲ್ಲಿ ಮೊದಲೇ ಹೇಳಿಡಿ.

ಮದುವೆಯಾಗದ ಹುಡುಗಿಯರಿಗೂ 25ಕ್ಕೆ ಪತ್ರ ಬರುತ್ತದೆ, ಅದನ್ನು ಕಂಡು ತಾಯಂದಿರು ಹೌಹಾರುತ್ತಾರೆ. ಪತ್ರ ಹೋಗುವುದು ವಯಸ್ಸು ನೋಡಿ, ಇನ್ನೇನನ್ನೂ ನೋಡಿ ಅಲ್ಲ. ಯಾವ ಲೈಂಗಿಕ ಸಂಪರ್ಕವೂ ಆಗಿರದಿದ್ದರೆ ಈ ಕ್ಯಾನ್ಸರಿನ ಅಪಾಯ ತೀರ ಕಡಿಮೆ. ಈಗ ಬೇಡ ಎಂದು ಅವಳು ತೀರ್ಮಾನಿಸಬಹುದು. ಅದು ಅವಳ ಮತ್ತು ದಾದಿಯ ನಡುವಿನ ಮಾತು. 12–13ರ ವಯಸ್ಸಿನಲ್ಲಿ ಶಾಲೆಯಲ್ಲಿ ಕೊಡುವ ಎಚ್‌ಪಿವಿ ಲಸಿಕೆ ತಪ್ಪಿದ್ದರೆ 25ನೆಯ ಹುಟ್ಟುಹಬ್ಬದವರೆಗೆ ಉಚಿತವಾಗಿ ಪಡೆಯಲು ಅವಕಾಶವುಂಟು, ಆದರೆ ಲಸಿಕೆ ಪಡೆದವರಿಗೂ ತಪಾಸಣೆ ಬೇಕು.

ಈ ದೇಶದಲ್ಲಿಯೂ ಸಂಕೋಚ ಇರಲಿಲ್ಲವೆಂದೇನಲ್ಲ. ನಮ್ಮ ಮಂಗಳೂರಿನ ಶಿಲ್ಪಾ ಶೆಟ್ಟಿಯವರ ಜೊತೆ 2007ರ ಟಿವಿ ಶೋನಲ್ಲಿ ಜಗಳವಾಡಿ ಹೆಸರು ಕೆಡಿಸಿಕೊಂಡ ಇಲ್ಲಿನ ಟಿವಿ ತಾರೆ ಜೇಡ್ ಗೂಡಿಗೆ, ಮರುವರ್ಷ ಅದೇ ಶಿಲ್ಪಾ ನಿರೂಪಿಸುತ್ತಿದ್ದ ಭಾರತದ ಶೋನಲ್ಲಿರುವಾಗ ಗರ್ಭಕೊರಳಿನ ಕ್ಯಾನ್ಸರ್ ಎಂಬ ಸುದ್ದಿ ಬಂತು. 2009ರ ಮಾರ್ಚ್‌ನಲ್ಲಿ, 27ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಆಕೆಯ ಸುದ್ದಿಯ ಪ್ರಭಾವದಿಂದ 2008ರ ನಡುವಿನಿಂದ ಒಂದು ವರ್ಷದಲ್ಲಿ ಇಂಗ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಹೆಂಗಸರು ಹೆಚ್ಚುವರಿಯಾಗಿ ತಪಾಸಣೆಗೆ ಬಂದರು. ನಮ್ಮ ಕೂಟದಲ್ಲಿ ಯುಗಾದಿಯ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು "ನಾನು ಮಾಡಿಸಿಕೊಂಡೆ ಕಣ್ರೇ, ಏನೂ ಆಗಲಿಲ್ಲ" ಎಂದ ಮೇಲೆ ಆ ತಿಂಗಳು ಮೂವರು ಫೋನ್ ಮಾಡಿ ಸಮಯ ಗೊತ್ತುಮಾಡಿದರು. ಕೂಟ ನಡೆಸುವವರು ವೈದ್ಯರ ಭಾಷಣಕ್ಕಿಂತ ಮೊದಲು ಇಂಥ ಒಬ್ಬರನ್ನು ಹುಡುಕುವುದು ಮೇಲು.

ಪಾಳಿ, ಕಿಟ್ ಮತ್ತು ಫಲಿತಾಂಶ

ಆರೈಕೆಯ ಕೆಲಸದವರಿಗೆ, ಗೋದಾಮಿನಲ್ಲಿ ದುಡಿಯುವವರಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಹಚ್ಚಿ ಕಾಯುವುದು ಸಾಧ್ಯವಿಲ್ಲ. ಕ್ಲಿನಿಕ್ಕುಗಳ ಗುಂಪುಗಳು ಸಂಜೆ ಮತ್ತು ಶನಿವಾರ ಕೂಡ ಸಮಯ ಕೊಡುತ್ತವೆ, ಆದರೆ ಅದು ನಿಮ್ಮ ಕ್ಲಿನಿಕ್ಕಿನಲ್ಲಿಯೇ ಇರಬೇಕೆಂದಿಲ್ಲ. "ಈವ್ನಿಂಗ್ ಆರ್ ಸ್ಯಾಟರ್ಡೆ" ಎಂದು ಹೆಸರಿಸಿ ಕೇಳಿದರೆ ಮಾತ್ರ ಹೇಳುತ್ತಾರೆ.

ಕರುಳಿನ ಕಿಟ್‌ಗೆ ಯಾರ ಮುಂದೆಯೂ ಮಲಗಬೇಕಾಗಿಲ್ಲ, ಆದರೂ ಮಡಿ ಮೈಲಿಗೆಯ ಮನೆಯಲ್ಲಿ ಅದು ಬೀರುವಿನ ಮೇಲೆ ಧೂಳು ತಿನ್ನುತ್ತದೆ. ಬೇಕಾದದ್ದು ಕಡ್ಡಿಯ ತುದಿಯಲ್ಲಿ ಹತ್ತುವಷ್ಟು ಮಲ. ನಾವು ನೀರು ಬಳಸುವವರಾದ್ದರಿಂದ ಒಂದು ಎಚ್ಚರಿಕೆ: ಮಲ ಕಮೋಡಿನ ನೀರಿಗೆ ತಾಗುವ ಮೊದಲೇ, ಎಸೆಯಬಹುದಾದ ಒಂದು ಡಬ್ಬಿಯಲ್ಲಿ ಅಥವಾ ಮಡಚಿದ ಟಿಶ್ಯೂ ಮೇಲೆ ಹಿಡಿದು, ಕಡ್ಡಿ ಅದ್ದಿ, ಬಾಟಲಿಯ ಮುಚ್ಚಳ ಹಾಕಿ, ದಿನಾಂಕ ಬರೆದು, ಅಂದೇ ಅಂಚೆಗೆ ಹಾಕಿ. ಅಂಚೆಚೀಟಿ ಬೇಡ.

ಫಲಿತಾಂಶದ ಪತ್ರದಲ್ಲಿ "ಎಚ್‌ಪಿವಿ ಇದೆ, ಅಸಹಜ ಕೋಶಗಳಿಲ್ಲ" ಎಂದಿದ್ದರೆ ಒಂದು ವರ್ಷದ ನಂತರ ಮತ್ತೆ ಪರೀಕ್ಷೆ. ಅಸಹಜ ಕೋಶಗಳಿದ್ದರೆ ಕಾಲ್ಪೊಸ್ಕೊಪಿಗೆ, ಎಂದರೆ ಗರ್ಭಕೊರಳನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆಗೆ ಕರೆಯುತ್ತಾರೆ. ಅದು ಕ್ಯಾನ್ಸರ್ ಎಂದಲ್ಲ, ಕ್ಯಾನ್ಸರ್ ಆಗದಂತೆ ತಡೆಯುವ ಹಂತ. ಮ್ಯಾಮೊಗ್ರಾಮ್ ಆದ 100 ಜನರಲ್ಲಿ ಸುಮಾರು 4 ಮಂದಿಯನ್ನು ಮರಳಿ ಕರೆಯುತ್ತಾರೆ, ಆ 4ರಲ್ಲಿ ಕ್ಯಾನ್ಸರ್ ಕಾಣುವುದು ಸುಮಾರು ಒಬ್ಬರಲ್ಲಿ. ಇದರ ಇನ್ನೊಂದು ಮಗ್ಗುಲನ್ನೂ ಎನ್‌ಎಚ್‌ಎಸ್ ಕರಪತ್ರವೇ ಹೇಳುತ್ತದೆ: ತಪಾಸಣೆ ಮಾಡಿಸಿಕೊಂಡ ಸುಮಾರು 200 ಮಹಿಳೆಯರಲ್ಲಿ ಒಬ್ಬರ ಜೀವ ಉಳಿಯುತ್ತದೆ, ಸುಮಾರು ಮೂವರು ಎಂದೂ ಪ್ರಾಣಕ್ಕೆ ಎರವಾಗದಿದ್ದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಾರೆ. ಇದನ್ನು ಓದಿ ಬೇಡವೆಂದು ನಿರ್ಧರಿಸಿದವರನ್ನು ನಾನು ಟೀಕಿಸಲಾರೆ. ಓದದೆ, ಕೇಳದೆ, ಪತ್ರ ಕಳೆದುಹೋಗಿ ತಪ್ಪಿಹೋಗುವುದು ಬೇರೆ ಮಾತು.

ಹಣ, ವೀಸಾ, ಮತ್ತು ಊರಿನಿಂದ ಬರುವ ಅಮ್ಮಂದಿರು

ಕೆಲಸದ ವೀಸಾದವರೂ ಅವರ ವಯಸ್ಕ ಅವಲಂಬಿತರೂ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕವನ್ನು ವೀಸಾದ ಜೊತೆಗೇ ಕಟ್ಟಿರುತ್ತಾರೆ; ನರ್ಸ್, ಆರೈಕೆಯ ಕೆಲಸಕ್ಕೆಂದು ಹೆಲ್ತ್ ಅಂಡ್ ಕೇರ್ ವೀಸಾದ ಮೇಲೆ ಬಂದವರಿಗೆ ಈ ಶುಲ್ಕವಿಲ್ಲ. ತಪಾಸಣೆಗೂ, ಅದರಲ್ಲಿ ಏನಾದರೂ ಕಂಡರೆ ಮುಂದಿನ ಪರೀಕ್ಷೆಗೂ ಚಿಕಿತ್ಸೆಗೂ ಮತ್ತೆ ಬಿಲ್ ಬರುವುದಿಲ್ಲ. ಖಾಸಗಿ ವಿಮೆಯ ಹಾಗೆ ಕಾಯಿಲೆ ಕಂಡಿತೆಂದು ಶುಲ್ಕ ಏರುವುದೂ ಇಲ್ಲ.

ಅಮೆರಿಕದಲ್ಲಿರುವ ತಂಗಿಯರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಇಂಗ್ಲೆಂಡಿನಂತೆ ಸರ್ಕಾರದ ಪತ್ರ ಮನೆಗೆ ಬರುವುದಿಲ್ಲ, ತಾವೇ ಕೇಳಿ ಮಾಡಿಸಿಕೊಳ್ಳಬೇಕು. ವಿಮೆಯಿಲ್ಲದ, ಆದಾಯ ಕಡಿಮೆಯಿರುವ ಮಹಿಳೆಯರಿಗೆ 1990ರ ಕಾಯಿದೆಯ ಅಡಿಯಲ್ಲಿ ಉಚಿತ ಅಥವಾ ಅಗ್ಗದ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ರಾಜ್ಯಗಳ ಮೂಲಕ ಸಿಗುತ್ತದೆ. ಆಸ್ಟ್ರೇಲಿಯದಲ್ಲಿ 2022ರ ಜುಲೈನಿಂದ ಗರ್ಭಕೊರಳಿನ ತಪಾಸಣೆಗೆ ತಾವೇ ಮಾದರಿ ತೆಗೆದುಕೊಳ್ಳುವ ಆಯ್ಕೆ ಎಲ್ಲರಿಗೂ ಇದೆ.

ಆರು ತಿಂಗಳಿಗೆಂದು ಬಾಣಂತನಕ್ಕೆ ಬರುವ ಅಮ್ಮ, ಅತ್ತೆಯರ ವಿಷಯ ಬೇರೆ. ಪ್ರವಾಸಿ ವೀಸಾದವರು ಆರೋಗ್ಯ ಶುಲ್ಕ ಕಟ್ಟಿರುವುದಿಲ್ಲ. ಇಲ್ಲಿ ಏನಾದರೂ ಕಂಡು ಆಸ್ಪತ್ರೆಯ ಚಿಕಿತ್ಸೆ ಬೇಕಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಅವರ ತಪಾಸಣೆಯನ್ನು ಊರಿನಲ್ಲಿಯೇ, ವಿಮಾನ ಹತ್ತುವುದಕ್ಕೆ ಎರಡು ಮೂರು ತಿಂಗಳು ಮೊದಲು ಮುಗಿಸಿ. ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನಲ್ಲಿ 30 ದಾಟಿದವರಿಗೆ ತಪಾಸಣೆಯ ವ್ಯವಸ್ಥೆಯಿದೆ. ಬೆಂಗಳೂರಿನ ಹತ್ತಿರದವರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಫಲಿತಾಂಶದ ಕಾಗದ, ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ನುಂಗುವ ಮಾತ್ರೆಗಳ ಚೀಟಿ, ಇವನ್ನು ಅವರು ಚಟ್ನಿಪುಡಿಯ ಡಬ್ಬಿಗಳ ಜೊತೆ ದೊಡ್ಡ ಸೂಟ್‌ಕೇಸಿನಲ್ಲಿ ಹಾಕದೆ ಕೈಚೀಲದಲ್ಲಿಯೇ ತರಲಿ.